ಮೇ ತಿಂಗಳಲ್ಲಿ ಅಜ್ಜಿ, ಮೊಮ್ಮಕ್ಕಳ ಜೊತೆ ಮೈಸೂರಿನಿಂದ ನೀಲಗಿರಿಯ ಕೆರೆಗಳಿಗೆ ಹೇಗೆ ಹೋಗುವುದು?

ನೀವು ಕೇಳಿರುವುದು ಇಷ್ಟು: ಮನೆಯಲ್ಲಿ ಆರು ಜನ. ಅವರಲ್ಲಿ ಎಪ್ಪತ್ತು ದಾಟಿದ, ಮಂಡಿನೋವಿರುವ ಅತ್ತೆ. ಎಂಟು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಏಳು ಸೀಟಿನ ಸ್ವಂತ ಕಾರು. ಮೇ ಎರಡನೆಯ ವಾರ ಶುಕ್ರವಾರ ಮೈಸೂರು ಬಿಟ್ಟು ಭಾನುವಾರ ರಾತ್ರಿ ಮನೆ ಸೇರಬೇಕು. ಅಷ್ಟರಲ್ಲಿ ಊಟಿ, ಪೈಕಾರ, ಎಮರಾಲ್ಡ್, ಅವಲಾಂಚೆ ಕೆರೆಗಳು, ದೊಡ್ಡಬೆಟ್ಟ ಶಿಖರ, ಕೂನೂರು ಪಟ್ಟಣ ಎಲ್ಲವೂ ಆಗಬೇಕು.

ಮೊದಲು ಆ ಪಟ್ಟಿಯಲ್ಲಿ ಅರ್ಧವನ್ನು ಅಳಿಸಿಬಿಡಿ. ಆಮೇಲೆ ಶುಕ್ರ, ಶನಿ, ಭಾನುವಾರವನ್ನೂ ಅಳಿಸಿ. ಸೋಮವಾರ ಹೊರಟು ಬುಧವಾರ ಬನ್ನಿ. ಎರಡು ದಿನ ಹೆಚ್ಚು ರಜೆ ಹಾಕಬೇಕಾಗುತ್ತದೆ ಎಂಬುದು ಗೊತ್ತು. ಹಾಕಿ. ಮೇ ತಿಂಗಳಲ್ಲಿ ಎಲ್ಲಿಗೆ ಹೋಗುತ್ತೀರಿ ಎಂಬುದಕ್ಕಿಂತ ಯಾವ ವಾರ ಹೋಗುತ್ತೀರಿ ಎಂಬುದೇ ನಿಮ್ಮ ಪ್ರವಾಸವನ್ನು ತೀರ್ಮಾನಿಸುತ್ತದೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನಮ್ಮದು ಕುವೆಂಪುನಗರ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಶನಿವಾರ ಅಮ್ಮನನ್ನು ಕರೆದುಕೊಂಡು ಊಟಿಗೆ ಹೋದೆವು. ಸಸ್ಯೋದ್ಯಾನದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತಿದ್ದ ದಿನಗಳು. ಊರು ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗಲೇ ವಾಹನಗಳು ನಿಂತುಬಿಟ್ಟವು. ಮೂರು ಗಂಟೆಗೂ ಹೆಚ್ಚು ಹೊತ್ತು ಕಾರು ತೆವಳಿತು. ಅಮ್ಮ ಒಂದು ಮಾತೂ ಆಡದೆ ಕಿಟಕಿಗೆ ತಲೆಯಾನಿಸಿ ಕುಳಿತಿದ್ದರು. ಬಿಸ್ಕತ್ತು ಕೊಟ್ಟರೆ ಬೇಡ, ನೀರು ಕೊಟ್ಟರೆ ಬೇಡ. ಕೋಣೆ ಸೇರಿದ ಮೇಲೆ ತಿಳಿಯಿತು, ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಅವರು ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಆ ರಾತ್ರಿ ಅವರಿಗೆ ಕಾಲು ಹಿಡಿದುಕೊಂಡು ನಿದ್ದೆಯೇ ಬರಲಿಲ್ಲ. ಕೆರೆ ಕಾಣುವ ಕೋಣೆ ಎಂದು ಹೆಚ್ಚು ಹಣ ತೆಗೆದುಕೊಂಡಿದ್ದರು. ಕೆರೆ ಕಂಡದ್ದು ಮೂರನೆಯ ಮಹಡಿಯ ತಾರಸಿಯಿಂದ. ಅಲ್ಲಿಗೆ ಅಮ್ಮ ಹತ್ತುವಂತೆಯೇ ಇರಲಿಲ್ಲ.

ಅಂದಿನಿಂದ ನಾವು ಪ್ರವಾಸದ ಲೆಕ್ಕವನ್ನು ಅಮ್ಮನಿಂದ ಶುರು ಮಾಡುತ್ತೇವೆ. ಅವರು ಒಂದು ಹೊತ್ತಿಗೆ ಎಷ್ಟು ಗಂಟೆ ಕುಳಿತಿರಬಲ್ಲರು, ಎಷ್ಟು ಮೆಟ್ಟಿಲು ಹತ್ತಬಲ್ಲರು, ಮುಂದಿನ ಶೌಚಾಲಯ ಎಲ್ಲಿದೆ. ಈ ಮೂರಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿಯೇ ಕೂಡಿಬರುತ್ತದೆ. ಮಕ್ಕಳಿಗೂ ಅದೇ ಲೆಕ್ಕ ಒಗ್ಗುತ್ತದೆ. ನಿಮ್ಮ ಅತ್ತೆಯವರಿಗೂ ಇದನ್ನು ಮೊದಲೇ ಹೇಳಿ: ಎರಡು ಗಂಟೆಗೊಮ್ಮೆ ಕಾರು ನಿಲ್ಲುತ್ತದೆ, ನೀರು ಕುಡಿಯಲು ಹೆದರಬೇಡಿ ಎಂದು. ಅವರಾಗಿಯೇ ಬಾಯಿಬಿಟ್ಟು ಕೇಳುವುದಿಲ್ಲ.

ಇ-ಪಾಸ್, ಅಂದರೆ ವಾಹನಕ್ಕೆ ಆನ್‌ಲೈನಿನಲ್ಲಿ ಪಡೆಯುವ ಪ್ರವೇಶ ಅನುಮತಿಯ ವಿಚಾರ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇದು ಕಡ್ಡಾಯವಾಗಿದೆ. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನ ಎಂದು ಮಿತಿಯನ್ನೂ ಹಾಕಿದರು. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ, ವಾಹನದ ಸಂಖ್ಯೆ, ಉಳಿಯುವ ಜಾಗದ ವಿಳಾಸ ಕೊಟ್ಟು ಉಚಿತವಾಗಿ ಪಡೆಯಬಹುದು. ಕೋಣೆ ಕಾಯ್ದಿರಿಸುವ ಮುನ್ನವೇ ನಿಮ್ಮ ದಿನಾಂಕಕ್ಕೆ ಪಾಸ್ ಸಿಗುತ್ತದೆಯೇ ನೋಡಿಕೊಳ್ಳಿ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ತಾಪತ್ರಯವಿಲ್ಲ. ಮೈಸೂರಿನಿಂದ ಊಟಿಗೆ ಕೆಎಸ್ಆರ್‌ಟಿಸಿ ಬಸ್ಸುಗಳಿವೆ. ಆದರೆ ಮಂಡಿನೋವಿನವರಿಗೆ ಬೇಕೆಂದಾಗ ನಿಲ್ಲುವ ಕಾರೇ ವಾಸಿ.

ದಾರಿ ಎರಡು. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿನವರೆಗೆ ಒಂದೇ. ಅಲ್ಲಿಂದ ಎಡಕ್ಕೆ ಮಸಿನಗುಡಿ, ಕಲ್ಲಟ್ಟಿ ಘಾಟಿ ಹಿಡಿದರೆ ಮೈಸೂರಿನಿಂದ ಒಟ್ಟು ಸುಮಾರು 125 ಕಿಲೋಮೀಟರ್. ನೇರ ಹೋಗಿ ಗೂಡಲೂರಿನ ಮೇಲೆ ಹತ್ತಿದರೆ ಮೂವತ್ತು ಕಿಲೋಮೀಟರಿನಷ್ಟು ಹೆಚ್ಚು. ಹತ್ತಿರ ಎಂದು ಎಲ್ಲರೂ ಕಲ್ಲಟ್ಟಿಯನ್ನೇ ಹೇಳುತ್ತಾರೆ. ನೀವು ಗೂಡಲೂರಿನ ದಾರಿಯನ್ನೇ ಹಿಡಿಯಿರಿ. ಕಲ್ಲಟ್ಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಐದು ವರ್ಷದ ಮಗುವಿನ ಹೊಟ್ಟೆ ಅದನ್ನು ತಾಳುವುದಿಲ್ಲ. ಬರುವಾಗ ಆ ದಾರಿಯಲ್ಲಿ ಇಳಿಯಲು ಹೊರಗಿನ ವಾಹನಗಳನ್ನು ಬಿಡುವುದೂ ಇಲ್ಲ. ಸಾಲುಸಾಲು ಅಪಘಾತಗಳಾದ ಮೇಲೆ ಬಂದ ನಿರ್ಬಂಧ ಅದು. ಗೂಡಲೂರಿನ ದಾರಿ ಉದ್ದವಾದರೂ ಅಗಲವಾಗಿದೆ, ಏರು ಸಾವಕಾಶವಾಗಿದೆ. ಇನ್ನೂ ದೊಡ್ಡ ಲಾಭವೆಂದರೆ ಪೈಕಾರ ಆ ದಾರಿಯಲ್ಲೇ ಸಿಗುತ್ತದೆ, ಊಟಿಗೆ ಸುಮಾರು 20 ಕಿಲೋಮೀಟರ್ ಮೊದಲು. ಊಟಿಗೆ ಹೋಗಿ ಮತ್ತೆ ಹಿಂದಕ್ಕೆ ಬಂದು ಪೈಕಾರ ನೋಡುವವರು ಅರ್ಧ ದಿನ ಕಳೆಯುತ್ತಾರೆ.

ಹಾಗಾಗಿ ಸೋಮವಾರ ಬೆಳಗ್ಗೆ ಐದೂವರೆಗೆ ಮನೆ ಬಿಡಿ. ಏಳರ ಹೊತ್ತಿಗೆ ಗುಂಡ್ಲುಪೇಟೆಯಲ್ಲಿ ತಿಂಡಿ. ಎಲ್ಲರೂ ಶೌಚಾಲಯಕ್ಕೆ ಹೋಗಿಯೇ ಕಾರು ಹತ್ತಬೇಕು, ಮುಂದೆ ಕಾಡಿನಲ್ಲಿ ಇಳಿಯುವಂತಿಲ್ಲ. ಮಕ್ಕಳಿಗೆ ಇಡ್ಲಿ ಸಾಕು, ಎಣ್ಣೆ ತಿಂಡಿ ಬೇಡ. ಹೊಟ್ಟೆ ತೊಳೆಸುವ ಮಗುವನ್ನು ಕೊನೆಯ ಸಾಲಿನಲ್ಲಿ ಕೂರಿಸಬೇಡಿ. ನಡುವಿನ ಸಾಲಿನಲ್ಲಿ ಕೂರಿಸಿ, ಮೊಬೈಲ್ ಕೊಡದೆ ದೂರದ ಬೆಟ್ಟ ತೋರಿಸುತ್ತಾ ಹೋಗಿ. ಅತ್ತೆಯವರಿಗೆ ಮುಂದಿನ ಸೀಟು, ಕಾಲು ಚಾಚುವಷ್ಟು ಹಿಂದಕ್ಕೆ ಸರಿಸಿ. ಹತ್ತೂವರೆ, ಹನ್ನೊಂದಕ್ಕೆ ಪೈಕಾರ ತಲುಪುತ್ತೀರಿ. ಜಲಪಾತಕ್ಕೆ ಒಳಗೆ ಸುಮಾರು ದೂರ ನಡೆಯಬೇಕು, ಅದನ್ನು ಬಿಡಿ. ದೋಣಿವಿಹಾರ ಕೇಂದ್ರಕ್ಕೆ ಹೋಗಿ. ಮಕ್ಕಳ ದೋಣಿಯ ಆಸೆ ಅಲ್ಲೇ ತೀರಲಿ. ಸುತ್ತ ಶೋಲಾ ಎಂಬ ಬೆಟ್ಟದ ನಿತ್ಯಹಸಿರು ಕಾಡು, ನಡುವೆ ತಣ್ಣನೆಯ ನೀರು. ಊಟಿಯ ಕೆರೆಯಲ್ಲಿ ಸಿಗದ ನಿಶ್ಶಬ್ದ ಇಲ್ಲಿ ಸಿಗುತ್ತದೆ.

ಒಂದು ವಿಷಯ ಮಕ್ಕಳಿಗೆ ಹೇಳಲು ಚೆನ್ನಾಗಿರುತ್ತದೆ. ನೀವು ಬರೆದ ಪಟ್ಟಿಯ ಕೆರೆಗಳಲ್ಲಿ ಒಂದೂ ತಾನಾಗಿ ಹುಟ್ಟಿದ್ದಲ್ಲ. ಊಟಿಯ ಕೆರೆಯನ್ನು 1820ರ ದಶಕದಲ್ಲಿ ಕಟ್ಟಿಸಿದ್ದು ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್. ಆಗ ಅದು ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಬಸ್ ನಿಲ್ದಾಣ ಇರುವ, ರೇಸ್‌ಕೋರ್ಸ್ ಇದ್ದ ಜಾಗವೆಲ್ಲ ಆಗ ಕೆರೆಯಂಗಳವೇ. ಪೈಕಾರ, ಎಮರಾಲ್ಡ್, ಅವಲಾಂಚೆ ಮೂರೂ ಜಲವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟುಗಳ ಹಿನ್ನೀರು. ಕೆಆರ್‌ಎಸ್ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಉಳಿಯುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಊಟಿ ಪೇಟೆಯ ನಡುವೆ ಬೇಡ. ಒಂದೋ ಎಮರಾಲ್ಡ್ ಕಡೆಯ ಹಳ್ಳಿಗಳ ಹೋಂಸ್ಟೇ, ಇಲ್ಲವೇ ಊಟಿಯ ಅಂಚಿನ ಫರ್ನ್‌ಹಿಲ್. ಫರ್ನ್‌ಹಿಲ್‌ನಲ್ಲಿ ಮೈಸೂರು ಅರಸರ ಬೇಸಿಗೆ ಅರಮನೆಯಿದೆ, ನಮ್ಮ ಪ್ರವಾಸೋದ್ಯಮ ನಿಗಮದ ಮಯೂರ ಸುದರ್ಶನ ಹೋಟೆಲ್ ಇದೆ, ಕರ್ನಾಟಕ ತೋಟಗಾರಿಕೆ ಇಲಾಖೆಯ 38 ಎಕರೆ ಉದ್ಯಾನವೂ ಇದೆ. ಎಲ್ಲಿ ಉಳಿದರೂ ಮೂರು ಪ್ರಶ್ನೆಗಳನ್ನು ಫೋನಿನಲ್ಲೇ ಕೇಳಿ. ಕಾರು ನಿಲ್ಲಿಸಿದ ಜಾಗದಿಂದ ಕೋಣೆಗೆ ಎಷ್ಟು ಮೆಟ್ಟಿಲು? ಪಾಶ್ಚಾತ್ಯ ಶೈಲಿಯ ಕಮೋಡ್ ಇದೆಯೇ? ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ? ಬೆಟ್ಟದ ಊರಿನಲ್ಲಿ ‘ನೆಲಮಹಡಿ’ ಎಂದರೂ ರಸ್ತೆಯಿಂದ ಇಪ್ಪತ್ತು ಮೆಟ್ಟಿಲು ಕೆಳಗಿರಬಹುದು. ಕೋಣೆಯ ಚಿತ್ರದ ಜೊತೆ ಮೆಟ್ಟಿಲಿನ ಚಿತ್ರವನ್ನೂ ತರಿಸಿಕೊಳ್ಳಿ. ನಾನು ಈಗ ಹಾಗೆಯೇ ಮಾಡುತ್ತೇನೆ.

ಎರಡನೆಯ ದಿನವನ್ನು ಪೂರ್ತಿ ಎಮರಾಲ್ಡ್ ಮತ್ತು ಅವಲಾಂಚೆಗೆ ಇಡಿ. ನನ್ನ ಮಟ್ಟಿಗೆ ಇಡೀ ಪ್ರವಾಸ ಇರುವುದೇ ಈ ದಿನಕ್ಕಾಗಿ. ಏಳೂವರೆಗೆ ಹೊರಡಿ. ಮುತ್ತೋರೈ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಮೆಟ್ಟಿಲುಮೆಟ್ಟಿಲಾಗಿ ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಬೆಳ್ಳುಳ್ಳಿಯ ಹೊಲಗಳು. ಒಂದು ಬಾರಿ ಅಲ್ಲಿ ಕಾರು ನಿಲ್ಲಿಸಿದ್ದೆವು. ತಿರುಗುವ ದೊಡ್ಡ ಪೀಪಾಯಿಯಲ್ಲಿ ಕ್ಯಾರೆಟ್ ತೊಳೆಯುತ್ತಿದ್ದರು. ಒಂದು ಕಡೆಯಿಂದ ಮಣ್ಣು ಮೆತ್ತಿದ ಗಡ್ಡೆ ಒಳಗೆ ಹೋಗಿ, ಇನ್ನೊಂದು ಕಡೆಯಿಂದ ಕಿತ್ತಳೆ ಬಣ್ಣ ಹೊಳೆಯುತ್ತಾ ಹೊರಗೆ ಬೀಳುತ್ತಿತ್ತು. ಕೆಳಗೆ ಹರಿಯುವ ನೀರು ಮಾತ್ರ ನಮ್ಮ ಕಡೆಯ ಕೆಮ್ಮಣ್ಣಿನ ನೀರಿನಂತೆ. ಪಕ್ಕದಲ್ಲಿ ಬಿಳಿ ಮುಂಡು ಉಟ್ಟ, ನೀಲಗಿರಿಯ ಬಡಗ ಸಮುದಾಯದ ವಯಸ್ಸಾದ ಹೆಂಗಸೊಬ್ಬರು ಸೊಪ್ಪು ಸಮೇತ ಕಟ್ಟು ಕಟ್ಟುತ್ತಿದ್ದರು. ಅಮ್ಮ ಕನ್ನಡದಲ್ಲೇ ಬೆಲೆ ಕೇಳಿದರು, ಆಕೆ ಬಡಗ ನುಡಿಯಲ್ಲಿ ಉತ್ತರಿಸಿದರು. ಮೊದಲ ಸಲ ಅಮ್ಮನಿಗೆ ತಿಳಿಯಲಿಲ್ಲ, ಎರಡನೆಯ ಸಲ ನಿಧಾನವಾಗಿ ಹೇಳಿದಾಗ ಮುಖ ಅರಳಿತು. ಆಮೇಲೆ ಇಬ್ಬರೂ ಮಳೆ, ಮೊಮ್ಮಕ್ಕಳು, ಮಂಡಿನೋವು ಎಂದು ಹತ್ತು ನಿಮಿಷ ಮಾತನಾಡಿದರು. ಬಡಗ ಕನ್ನಡದ ಒಡಹುಟ್ಟಿದ ನುಡಿ. ಬಡಗು ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಬಂದವರೆಂದೇ ಅವರಿಗೆ ಆ ಹೆಸರು. ಅವರ ಊರುಗಳನ್ನು ಈಗಲೂ ಹಟ್ಟಿ ಎಂದೇ ಕರೆಯುತ್ತಾರೆ. ದೊಡ್ಡಬೆಟ್ಟ ಎಂಬ ಹೆಸರಿಗಂತೂ ಅರ್ಥವನ್ನೇ ಹೇಳಬೇಕಿಲ್ಲ. ನಿಮ್ಮ ಅತ್ತೆಯವರನ್ನು ಅಲ್ಲಿ ಕಾರಿನಿಂದ ಇಳಿಸಿ, ಮಾತನಾಡಲು ಬಿಡಿ.

ಅವಲಾಂಚೆಯಲ್ಲಿ ಒಂದು ಹಂತದ ನಂತರ ಖಾಸಗಿ ವಾಹನ ಬಿಡುವುದಿಲ್ಲ, ಅರಣ್ಯ ಇಲಾಖೆಯ ವಾಹನದಲ್ಲೇ ಹೋಗಬೇಕು. ದಾರಿ ಕುಲುಕಾಟದ್ದು. ಇಲ್ಲಿ ಕುಟುಂಬ ಎರಡು ಭಾಗವಾಗಲಿ: ಒಬ್ಬರು ಎಂಟು ವರ್ಷದ ಮಗುವಿನ ಜೊತೆ ಒಳಗೆ ಹೋಗಿಬರಲಿ, ಉಳಿದವರು ಅತ್ತೆಯವರ ಜೊತೆ ಎಮರಾಲ್ಡ್ ಕಡೆ ಕೆರೆ ಕಾಣುವ ಸಮತಟ್ಟಾದ ಜಾಗದಲ್ಲಿ ಕುಳಿತಿರಲಿ. ಮಡಚುವ ಕುರ್ಚಿಯೊಂದನ್ನು ಮನೆಯಿಂದಲೇ ಒಯ್ಯಿರಿ. ನೆಲದ ಮೇಲೆ ಕುಳಿತರೆ ಅವರು ಏಳುವುದು ಕಷ್ಟ. ಮೇ ತಿಂಗಳಲ್ಲಿ ನೀರು ಇಳಿದಿರುತ್ತದೆ. ದಂಡೆಯ ಮಣ್ಣು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಚಿತ್ರಗಳಲ್ಲಿ ನೋಡಿದ ತುಂಬಿದ ಕೆರೆ ಇಲ್ಲವಲ್ಲ ಎಂದು ಬೇಸರ ಬೇಡ, ತುಂಬಿಸುವ ಮಳೆ ಬರುವುದು ಜೂನ್ ನಂತರ. 2019ರ ಆಗಸ್ಟ್ 8ರಂದು ಈ ಅವಲಾಂಚೆಯಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ಸುರಿದಿತ್ತು. ನಮ್ಮ ಮೈಸೂರಿನಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಅಷ್ಟೇ.

ಇದನ್ನು ಕೈಮುಗಿದು ಹೇಳುತ್ತೇನೆ: ಮಕ್ಕಳನ್ನು ನೀರಿಗೆ ಇಳಿಸಬೇಡಿ, ಪಾದ ತೋಯಿಸಲೂ ಬೇಡ. ಇವು ಕಣಿವೆಗೆ ಅಡ್ಡ ಕಟ್ಟಿದ ನೀರು. ದಂಡೆ ಕಂಡಷ್ಟು ಗಟ್ಟಿಯಾಗಿರುವುದಿಲ್ಲ, ಹೂಳು ಕಾಲನ್ನು ಎಳೆಯುತ್ತದೆ. ಎರಡು ಹೆಜ್ಜೆಯ ಆಚೆ ಆಳ ಎಷ್ಟು ಎಂದು ಯಾರಿಗೂ ಕಾಣುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗುಮಳೆ ಬರುವ ಕಾಲವಾದ್ದರಿಂದ ಗಡಿಯಾರದಲ್ಲಿ ಎರಡು ಹೊಡೆಯುವ ಮುನ್ನವೇ ಅಲ್ಲಿಂದ ಹೊರಟುಬಿಡಿ. ಮೊಬೈಲ್ ಸಂಪರ್ಕ ಅಲ್ಲಲ್ಲಿ ಕೈಕೊಡುತ್ತದೆ, ನಗದು ಇಟ್ಟುಕೊಳ್ಳಿ.

ಚಳಿಯ ಬಗ್ಗೆ: ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ಊಟಿ 2,240. ಮೇ ತಿಂಗಳ ಹಗಲು ಹಿತವಾಗಿರುತ್ತದೆ, ಬೆಳಗಿನ ಜಾವ ಹನ್ನೆರಡು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಕ್ಕಳಿಗಿಂತ ಮೊದಲು ಅದು ತಟ್ಟುವುದು ನೋವಿರುವ ಮಂಡಿಗೆ. ಉಣ್ಣೆಯ ಕಾಲುಚೀಲ, ಮಂಡಿಪಟ್ಟಿ, ಬಿಸಿನೀರಿನ ಚೀಲ ಮರೆಯಬೇಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ನೀಲಗಿರಿಯಲ್ಲಿ ನಿಷಿದ್ಧ, ತಪಾಸಣೆ ಕಟ್ಟುನಿಟ್ಟು. ಸ್ಟೀಲ್ ಬಾಟಲಿ ಮತ್ತು ಬಿಸಿನೀರಿಗೆ ಫ್ಲಾಸ್ಕ್ ಒಯ್ಯಿರಿ.

ಮೂರನೆಯ ದಿನ ಬೆಳಗ್ಗೆ ಊಟಿ ಪೇಟೆಗೆ ಬೇಗ ಹೋಗಿ. ಮಕ್ಕಳಿಗೆ ರೈಲು ಬೇಕೆಂದರೆ ಊಟಿಯಿಂದ ಕೂನೂರಿಗೆ ಹೋಗುವ ಸಣ್ಣ ಪಯಣ ಸಾಕು, ಒಂದು ಗಂಟೆ ಚಿಲ್ಲರೆ. ಮೇಟ್ಟುಪಾಳ್ಯಂನಿಂದ ಹತ್ತುವ 46 ಕಿಲೋಮೀಟರಿನ ಪೂರ್ತಿ ದಾರಿಗೆ ಐದು ಗಂಟೆ ಹತ್ತಿರ ಹಿಡಿಯುತ್ತದೆ, ನಿಮ್ಮ ಮೂರು ದಿನಕ್ಕೆ ಅದು ಹೊಂದುವುದಿಲ್ಲ. ಟಿಕೆಟ್ ಬೇಸಿಗೆಯಲ್ಲಿ ಕೊನೆಗಳಿಗೆಗೆ ಸಿಗುವುದಿಲ್ಲ, ಕಾಯ್ದಿರಿಸುವಿಕೆ ತೆರೆದ ದಿನವೇ ಪ್ರಯತ್ನಿಸಿ. ಒಬ್ಬರು ಕಾರನ್ನು ಕೂನೂರಿಗೆ ತಂದರೆ ಮರಳುವ ಟಿಕೆಟಿನ ಚಿಂತೆಯಿಲ್ಲ. ಟಿಕೆಟ್ ಸಿಗದಿದ್ದರೆ ಫರ್ನ್‌ಹಿಲ್‌ನ ನಮ್ಮ ತೋಟಗಾರಿಕೆ ಉದ್ಯಾನವೇ ಸಾಕು. ದೊಡ್ಡಬೆಟ್ಟವನ್ನು ನಾನು ನಿಮಗೆ ಹೇಳುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ನೋಡುವುದಕ್ಕಿಂತ ಕಾಯುವುದೇ ಹೆಚ್ಚು. ಊಟಿಯ ಕೆರೆಯನ್ನು ಹೋಗುವ ದಾರಿಯಲ್ಲಿ ಕಾರಿನಿಂದಲೇ ತೋರಿಸಿ, ಪೈಕಾರದ ದೋಣಿಯೇ ಮಕ್ಕಳ ನೆನಪಿನಲ್ಲಿ ಉಳಿಯಲಿ.

ಬುಧವಾರ ಒಂದು ಗಂಟೆಗೆ ಊಟ ಮುಗಿಸಿ ಹೊರಡಿ. ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಆದರೆ 9 ಗಂಟೆಯನ್ನು ಗುರಿಯಾಗಿಟ್ಟುಕೊಳ್ಳಬೇಡಿ, ಸಂಜೆಯಾದರೆ ಆನೆಗಳು ರಸ್ತೆಗೆ ಬರುತ್ತವೆ. ಮೂರೂವರೆಗೆ ಗೂಡಲೂರಿನಲ್ಲಿ ಚಹಾ ಕುಡಿದು, ಅತ್ತೆಯವರನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿಬಂದು ಕಾರು ಹತ್ತಿದರೆ, ಬೆಳಕಿರುವಾಗಲೇ ಗುಂಡ್ಲುಪೇಟೆ ಸೇರುತ್ತೀರಿ.