ಮನೋರೋಗದ ಹೆಸರಿನಲ್ಲಿ ಬೋರ್ಡ್ ಔಟ್: ಕಡತ ಎಲ್ಲಿಂದ ಬಿಚ್ಚಬೇಕು?

ಮಾನಸಿಕ ಕಾಯಿಲೆಯ ಕಾರಣ ಕೊಟ್ಟು ಸೇನೆಯಿಂದ ಕಳಿಸಿದವರ ಮನೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿದ್ದೇವೆ. ಸೇನಾ ಪಿಂಚಣಿ ಪ್ರಕರಣ ನಡೆಸುವ ವಕೀಲರು ಮತ್ತು ಮನೋವೈದ್ಯರು ಸೇರಿ ಉತ್ತರಿಸಿದ್ದಾರೆ. ಬರೆದವರ ಹೆಸರು ಕೈಬಿಟ್ಟಿದೆ. ವೈದ್ಯಕೀಯ ಮಂಡಳಿ ಅನರ್ಹನೆಂದು ಬರೆದು ನೌಕರಿಯಿಂದ ಬಿಡಿಸುವುದೇ ಬೋರ್ಡ್ ಔಟ್.

ಪ್ರಶ್ನೆ: ನನ್ನ ಮಗ 2014ರಾಗ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿದ. ಎರಡೂವರೆ ವರ್ಷ ಕಾಶ್ಮೀರದ ಕುಪ್ವಾರದ ಕಡಿ ಇದ್ದ. 2021ರಾಗ ಪೀಸ್ ಸ್ಟೇಷನ್ನಿಗೆ (ಕಾರ್ಯಾಚರಣೆ ಇಲ್ಲದ ನೆಲೆ) ಬಂದ ಮ್ಯಾಲೆ ನಿದ್ದಿ ಹೋಯ್ತು, ಯಾರೋ ಕರೀತಾರ ಅನ್ಲಿಕತ್ತಿದ. ಸ್ಕಿಜೋಫ್ರೇನಿಯಾ ಅಂತ ಬರೆದು 2022ರ ಡಿಸೆಂಬರಿನಾಗ ಬೋರ್ಡ್ ಔಟ್ ಮಾಡ್ಯಾರ. 40 ಪರ್ಸೆಂಟ್ ಅಂದ್ರು, ಆದ್ರ ಪಿಂಚಣಿ ಇಲ್ಲ ಅಂತ 2023ರಾಗ ಇಂಗ್ಲಿಷ್ ಪತ್ರ ಬಂತು. ಅದನ್ನ ಟ್ರಂಕಿನಾಗ ಇಟ್ಟೇವಿ. ಈಗ ಏನರೆ ಮಾಡ್ಲಿಕ್ಕೆ ಬರ್ತದೇನ್ರಿ?
– ಒಬ್ಬ ತಂದೆ, ಆಳಂದ ತಾಲ್ಲೂಕು

ಉತ್ತರ: ಬರ್ತದ ಯಜಮಾನ್ರೆ. ಮೊದಲು ಟ್ರಂಕಿನ ಪತ್ರವನ್ನು ಇಂಗ್ಲಿಷ್ ಬಲ್ಲವರಿಂದ ಓದಿಸಿ. ‘ನೈದರ್ ಆಟ್ರಿಬ್ಯೂಟಬಲ್ ಟು ನಾರ್ ಅಗ್ರವೇಟೆಡ್ ಬೈ ಮಿಲಿಟರಿ ಸರ್ವಿಸ್’ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಕಾಯಿಲೆ ನೌಕರಿಯಿಂದ ಬಂದದ್ದಲ್ಲ, ನೌಕರಿಯಿಂದ ಹೆಚ್ಚಾದದ್ದೂ ಅಲ್ಲ ಎಂಬುದು ಅದರ ಅರ್ಥ. ಅಂಗವೈಕಲ್ಯ ಪಿಂಚಣಿ ಸಿಗಲು ಎರಡು ಶರತ್ತು ಕೂಡಿಬರಬೇಕು: ವೈಕಲ್ಯ ಶೇ 20 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಕಾಯಿಲೆಗೂ ನೌಕರಿಗೂ ಸಂಬಂಧ ಇರಬೇಕು. ಮೊದಲನೆಯದು ನಿಮ್ಮ ಕೈಯಲ್ಲಿದೆ. ಇನ್ನು ಮಗನಿಗೆ ಕಾಯಿಲೆ ಇದೆಯೋ ಇಲ್ಲವೋ, ಎಷ್ಟಿದೆ ಎಂದು ವಾದಿಸಿ ದಣಿಯಬೇಡಿ. ಜಗಳ ಇರುವುದು ಆ ಒಂದು ಸಾಲಿನ ಮೇಲೆ.

ಆ ಸಾಲನ್ನು ಬರೆದದ್ದು ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್. ಯಾವ ಆಧಾರದ ಮೇಲೆ ಬರೆದರು ಎನ್ನುವುದು ಕಾಗದ ತರಿಸದೆ ಗೊತ್ತಾಗದು. ಮಗನ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ, ನಿಮ್ಮ ವಿಷಯದಲ್ಲಿ ಬೆಳಗಾವಿಗೆ, ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಅರ್ಧಂಬರ್ಧ ಬರುತ್ತದೆ, ಒಂದೊಂದರ ಹೆಸರು ಹಿಡಿದು ಕೇಳಿ. ಬೋರ್ಡಿನ ನಡಾವಳಿ ಎಎಫ್‌ಎಂಎಸ್‌ಎಫ್-16, ಅದಕ್ಕೂ ಮುಂಚಿನ ಕೆಟಗರಿ ಬೋರ್ಡುಗಳ ಎಎಫ್‌ಎಂಎಸ್‌ಎಫ್-15 ಎಲ್ಲ ಪ್ರತಿಗಳು, ಮನೋವೈದ್ಯರಿಗೆ ಕಳಿಸುವಾಗ ಕಮಾಂಡಿಂಗ್ ಆಫೀಸರ್ ತುಂಬುವ ಎಎಫ್‌ಎಂಎಸ್‌ಎಫ್-10, ಆಸ್ಪತ್ರೆಯ ಕೇಸ್ ಶೀಟ್, ಭರ್ತಿ ವೇಳೆಯ ವೈದ್ಯಕೀಯ ತಪಾಸಣೆ, ಪೋಸ್ಟಿಂಗ್ ಪಟ್ಟಿ, ರಜೆಯ ದಾಖಲೆ. ಅವನ ಸ್ವಂತ ದಾಖಲೆಯಾದ್ದರಿಂದ ಅರ್ಜಿಗೆ ಅವನದೇ ಸಹಿ ಇರಲಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 25ನೇ ಕಲಂ ಕೂಡ ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಅರ್ಜಿಯಲ್ಲಿ ಅದನ್ನೂ ಒಂದು ಸಾಲು ಬರೆಯಿರಿ.

ಕಾಗದ ಬಂದ ಮೇಲೆ ಕೇಸ್ ಶೀಟಿನ ಮೊದಲ ಪುಟಗಳನ್ನು ನಿಧಾನಕ್ಕೆ ಓದಿಸಿ. ಹೆಚ್ಚಿನ ಪ್ರಕರಣ ಕೆಡುವುದು ಅಲ್ಲೇ. ಆಸ್ಪತ್ರೆಗೆ ಹೋದ ಅಣ್ಣನನ್ನೋ ಮಾವನನ್ನೋ ಡಾಕ್ಟರು ಹಿಂದಿಯಲ್ಲಿ ಕೇಳಿರುತ್ತಾರೆ, ಇವರು ಬಂದಷ್ಟು ಹಿಂದಿಯಲ್ಲಿ ‘ಸಣ್ಣಾಂವ ಇದ್ದಾಗಿಂದ ಭಾಳ ಮಾತಾಡಾಂವಲ್ಲ’ ಎಂದಿರುತ್ತಾರೆ. ಅದು ಕಾಗದದ ಮೇಲೆ ‘ಬಾಲ್ಯದಿಂದಲೂ ಲಕ್ಷಣ’ ಆಗಿ, ಬೋರ್ಡಿಗೆ ಬರುವಷ್ಟರಲ್ಲಿ ‘ಕಾನ್‌ಸ್ಟಿಟ್ಯೂಶನಲ್’, ಅಂದರೆ ಹುಟ್ಟುಗುಣದ ಕಾಯಿಲೆ ಆಗಿಬಿಡುತ್ತದೆ. ಅಂಥ ಸಾಲು ಇದ್ದರೆ ಶಾಲೆಯ ನಡತೆ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಟೋಟದ ಸರ್ಟಿಫಿಕೇಟು, ಭರ್ತಿಯಲ್ಲಿ ಫಿಟ್ ಆದ ದಾಖಲೆ, ಆ ಮಾತು ಆಡಿದವರ ಅಫಿಡವಿಟ್ಟು ಇವೇ ಉತ್ತರ.

ಇನ್ನೊಂದು ಮಾಮೂಲಿ ಕಾರಣ ‘ಲಕ್ಷಣ ಕಂಡದ್ದು ಪೀಸ್ ಸ್ಟೇಷನ್ನಿನಲ್ಲಿ’ ಎಂಬುದು. ನಿಮ್ಮ ಪತ್ರದಲ್ಲೂ ಅದೇ ಸುಳಿವು ಇದೆ. ಸೇನಾ ವೈದ್ಯರು ಈ ವಿಷಯ ತೀರ್ಮಾನಿಸಲು ಬಳಸುತ್ತಿದ್ದ ಕೈಪಿಡಿ 2002ರದು, 2008ರಲ್ಲಿ ತಿದ್ದಿದ್ದು. ಅದರ 54ನೇ ಪ್ಯಾರಾ ಮಾನಸಿಕ ಕಾಯಿಲೆಗೆ ಮೀಸಲು. ದಂಗೆ ನಿಗ್ರಹ ಕಾರ್ಯಾಚರಣೆ ಸೇರಿದಂತೆ ಯುದ್ಧಪ್ರದೇಶ, ಎತ್ತರದ ಹಿಮಪ್ರದೇಶ, ತೀರಾ ಒಂಟಿ ಪೋಸ್ಟು, ಸಾವುನೋವಿನ ವಾಹನ ಅಪಘಾತ, ಹೆಣಗಳ ನಡುವೆ ಮಾಡಿದ ವಿಪತ್ತು ಪರಿಹಾರ ಕೆಲಸ: ಇಂಥಲ್ಲಿ ಶುರುವಾದದ್ದನ್ನು ನೌಕರಿಯಿಂದ ಬಂದದ್ದೆಂದು ಒಪ್ಪಬೇಕು ಎನ್ನುತ್ತದೆ. ರಜೆಯ ಮಾತೂ ಅಲ್ಲಿದೆ. ಒಬ್ಬನೇ ಮಗನಿದ್ದಾಗ ತಂದೆ ಅಥವಾ ತಾಯಿ ತೀರಿಕೊಂಡದ್ದು, ಹೆಂಡತಿ ಮಕ್ಕಳ ಸಾವು, ಮನೆಯವರ ಮೇಲೆ ಘೋರ ಅಪರಾಧ, ಒಬ್ಬನೇ ಅಣ್ಣನಿದ್ದಾಗ ತಂಗಿಯ ಮದುವೆ ಇಂಥ ವೇಳೆ ನೌಕರಿಯ ತುರ್ತಿಗಾಗಿ ರಜೆ ಕೊಡದೆ, ಮೂರು ತಿಂಗಳೊಳಗೆ ಕಾಯಿಲೆ ಕಂಡರೆ ಅದು ನೌಕರಿಯಿಂದ ಉಲ್ಬಣಿಸಿದ್ದು. ಮಗ ರಜೆ ಕೇಳಿ ಸಿಗದೇ ಹೋದದ್ದು ನೆನಪಿದ್ದರೆ ಮರಣಪತ್ರ, ಲಗ್ನಪತ್ರಿಕೆ, ರಜೆಯ ದಾಖಲೆ ಮೂರನ್ನೂ ತಾರೀಕು ಹೊಂದಿಸಿ ಇಡಿ. ಕುಪ್ವಾರದಲ್ಲಿದ್ದಾಗಲೇ ನಿದ್ದೆ ಕೆಟ್ಟಿತ್ತು ಎನ್ನುವುದಕ್ಕೆ ಯೂನಿಟ್ಟಿನ ಎಂಐ ರೂಮಿಗೆ (ವೈದ್ಯಕೀಯ ತಪಾಸಣಾ ಕೊಠಡಿ) ಹೋದ ನಮೂದು, ಮನೆಗೆ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜು, ಜೊತೆಗಿದ್ದ ಜವಾನರ ಹೇಳಿಕೆ ಕೆಲಸಕ್ಕೆ ಬರುತ್ತವೆ. ಫೋನ್ ಬದಲಿಸುವ ಮುಂಚೆ ಆ ಮೆಸೇಜುಗಳನ್ನು ತೆಗೆದಿಡಿ.

ಇಷ್ಟು ಕೂಡಿಸಿ ಮೊದಲ ಮೇಲ್ಮನವಿ ಬರೆಯಬೇಕು. ಅದು ರೆಕಾರ್ಡ್ ಆಫೀಸಿನ ಮೂಲಕ ದೆಹಲಿಯ ಮೊದಲ ಮೇಲ್ಮನವಿ ಸಮಿತಿಗೆ ಹೋಗುತ್ತದೆ. ಗಡುವು ತಿರಸ್ಕಾರದ ಪತ್ರ ಬಂದ 6 ತಿಂಗಳು. ಅಲ್ಲೂ ಸೋತರೆ ಮತ್ತೆ 6 ತಿಂಗಳೊಳಗೆ ಎರಡನೇ ಮೇಲ್ಮನವಿ. ನಿಮ್ಮ ಗಡುವು ಮೀರಿದೆ, ಆದರೂ ಹಾಕಿ. ಮಗನ ಕಾಯಿಲೆ, ಇಂಗ್ಲಿಷ್ ತಿಳಿಯದಿದ್ದುದು, ಎರಡನ್ನೂ ತಡಕ್ಕೆ ಕಾರಣವಾಗಿ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದರ ಪ್ರಿಂಟ್ ತೆಗೆದಿಡಿ. ಆರು ತಿಂಗಳು ಉತ್ತರ ಬರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ ಹೋಗಲು ಅಷ್ಟೇ ಸಾಕು. ಪಿಂಚಣಿ ತಿಂಗಳು ತಿಂಗಳು ತಪ್ಪುವ ಹಕ್ಕಾದ್ದರಿಂದ ತಡವಾದರೂ ಮೊಕದ್ದಮೆ ಸಾಯುವುದಿಲ್ಲ. ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವ ಮುಂಚಿನ 3 ವರ್ಷಕ್ಕೆ ಸೀಮಿತ. ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಂದಮೇಲೆ ಇನ್ನು ಕೂತಷ್ಟು ತಿಂಗಳ ದುಡ್ಡು ಹೋದಂತೆ.

ಗೆದ್ದೇ ಗೆಲ್ಲುತ್ತೀರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಧರ್ಮವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ, ಭರ್ತಿ ವೇಳೆ ಕಾಯಿಲೆಯ ನಮೂದು ಇಲ್ಲದಿದ್ದರೆ ಅದು ನೌಕರಿಯಲ್ಲೇ ಬಂದದ್ದೆಂದು ತಿಳಿಯಬೇಕು, ಅಲ್ಲ ಎನ್ನುವ ಬೋರ್ಡು ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಸ್ಕಿಜೋಫ್ರೇನಿಯಾದ್ದೇ ಆದ ರಾಜುಮೋನ್ ಪ್ರಕರಣದಲ್ಲಿ 2025ರಲ್ಲಿ, ಕಾರಣ ಕೊಡದ ಬೋರ್ಡಿನ ಅಭಿಪ್ರಾಯಕ್ಕೆ ಬೆಲೆ ಇಲ್ಲ ಎಂದಿತು. ಆದರೆ 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಅದೇ ಕಾಯಿಲೆಗೆ ಪಿಂಚಣಿ ನಿರಾಕರಿಸಿತು. ಮರುಕಳಿಸುವ ಕಾಯಿಲೆಯನ್ನು ಭರ್ತಿ ವೇಳೆ ಕಂಡುಹಿಡಿಯಲು ಆಗದಿರಬಹುದು ಎಂಬುದು ಅಲ್ಲಿನ ತರ್ಕ. ಜೊತೆಗೆ, ಧರ್ಮವೀರ್ ತೀರ್ಪು ನಿಂತದ್ದು 1982ರ ಪಿಂಚಣಿ ಅರ್ಹತಾ ನಿಯಮದ ಮೇಲೆ. ನಿಮ್ಮ ಮಗನಿಗೆ ಅನ್ವಯಿಸುವುದು 2008ರ ನಿಯಮ. ಅದರಲ್ಲಿ ‘ನೌಕರಿಯಲ್ಲಿದ್ದಾಗ ಬಂತು’ ಎನ್ನುವುದೊಂದೇ ಸಾಲದು. ಹೀಗಾಗಿಯೇ ಕುಪ್ವಾರದ ಪೋಸ್ಟಿಂಗು ಮತ್ತು ತಾರೀಕುಗಳ ಮೇಲೆ ಇಷ್ಟು ಒತ್ತು ಕೊಟ್ಟದ್ದು.

ದುಡ್ಡಿನ ಲೆಕ್ಕ: ಕೊನೆಯ ವೇತನ, ಮಿಲಿಟರಿ ಸರ್ವಿಸ್ ಪೇ ಸೇರಿ, 32,000 ಇತ್ತು ಎನ್ನಿ. ಸರ್ವಿಸ್ ಎಲಿಮೆಂಟು ಅದರ ಅರ್ಧ, 16,000. ಇದಕ್ಕೆ ಇಷ್ಟೇ ವರ್ಷ ನೌಕರಿ ಆಗಿರಬೇಕೆಂಬ ಕಟ್ಟಿಲ್ಲ. ಡಿಸೆಬಿಲಿಟಿ ಎಲಿಮೆಂಟು ಶೇ 100ಕ್ಕೆ ವೇತನದ ಶೇ 30, ಅಂದರೆ 9,600. ಬೋರ್ಡ್ ಔಟ್ ಆದವರಿಗೆ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಎಣಿಸುವುದರಿಂದ ನಿಮ್ಮ 40ಕ್ಕೆ 4,800. ಒಟ್ಟು 20,800, ಮೇಲೆ ತುಟ್ಟಿಭತ್ಯೆ. ಆದಾಯ ತೆರಿಗೆಯೂ ಇಲ್ಲ.

ಪ್ರಶ್ನೆ: ನಮ್ಮ ಯಜಮಾನ್ರು 1996ರಲ್ಲಿ ಮಾನಸಿಕ ಕಾಯಿಲೆ ಅಂತ ಬಿಡುಗಡೆ ಆಗಿ ಬಂದರು. ಡಿಸ್ಚಾರ್ಜ್ ಪುಸ್ತಕ ಬಿಟ್ಟರೆ ಏನೂ ಇಲ್ಲ. ರೆಕಾರ್ಡ್ ಆಫೀಸಿನವರು ಕಡತ ನಾಶವಾಗಿದೆ ಎನ್ನುತ್ತಾರೆ.
– ಭಾಲ್ಕಿ

ಉತ್ತರ: ಅಕ್ಕ, ಪಿಂಚಣಿ ಇಲ್ಲದವರ ಕಡತವನ್ನು 25 ವರ್ಷದ ನಂತರ ನಾಶ ಮಾಡುವುದು ಅವರ ರೂಢಿ. ಆ ಮಾತನ್ನು ಬಾಯಲ್ಲಿ ಕೇಳಿ ಬರಬೇಡಿ, ಮಾಹಿತಿ ಹಕ್ಕಿನಲ್ಲಿ ಬರಹದಲ್ಲಿ ತೆಗೆದುಕೊಳ್ಳಿ. ನಾಶಕ್ಕೆ ಮುಂಚೆ ಲಾಂಗ್ ರೋಲ್ ಎಂಬ ರಿಜಿಸ್ಟರಿನಲ್ಲಿ ಸೇರಿದ ದಿನ, ಬಿಡುಗಡೆಯ ದಿನ, ಕಾರಣ ಬರೆದಿಟ್ಟಿರುತ್ತಾರೆ. ಅದರ ನಕಲು ಕೇಳಿ. ಡಿಸ್ಚಾರ್ಜ್ ಪುಸ್ತಕದಲ್ಲಿ ಬಿಡುಗಡೆಯ ಕಾರಣ, ಮೆಡಿಕಲ್ ಕೆಟಗರಿ ಇರುವ ಪುಟ ಬಹಳ ಮುಖ್ಯ. ಲ್ಯಾಮಿನೇಷನ್ ಮಾಡಿಸಬೇಡಿ, ಮಸುಕಾದ ಸೀಲು ಆಮೇಲೆ ಓದಲು ಬರುವುದಿಲ್ಲ. ಸ್ಕ್ಯಾನ್ ಮಾಡಿಸಿಡಿ.

1977ರಲ್ಲಿ ಸ್ಕಿಜೋಫ್ರೇನಿಕ್ ರಿಯಾಕ್ಷನ್ ಎಂದು ಕಳಿಸಿದ್ದ ವೀರಪಾಲ್ ಸಿಂಗ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೊಸದಾಗಿ ರಿವ್ಯೂ ಮೆಡಿಕಲ್ ಬೋರ್ಡ್ ಮಾಡಿ ಎಂದು ಆದೇಶಿಸಿತು. ಮನೋವೈದ್ಯರ ವರದಿಯನ್ನು ಕೋರ್ಟು ಕಣ್ಣುಮುಚ್ಚಿ ಒಪ್ಪಬೇಕಿಲ್ಲ ಎಂದೂ ಹೇಳಿತು. ನೀವೂ ಕೇಳಬೇಕಾದ್ದು ನೇರ ಪಿಂಚಣಿಯ ಜೊತೆಗೆ ಪರ್ಯಾಯವಾಗಿ ಆ ಬೋರ್ಡನ್ನು. ಅದಕ್ಕೆ ಪೂರ್ವಭಾವಿಯಾಗಿ ಬೀದರಿನ ಬ್ರಿಮ್ಸ್ ಮನೋವೈದ್ಯ ವಿಭಾಗದಲ್ಲಿ ಈಗಿನ ಸ್ಥಿತಿ, ಕಾಯಿಲೆಯ ಐಸಿಡಿ (ಅಂತರರಾಷ್ಟ್ರೀಯ ರೋಗ ವರ್ಗೀಕರಣ) ಸಂಕೇತ, ಕಾಯಿಲೆ ಶುರುವಾದ ಕಾಲ, ವಂಶದಲ್ಲಿ ಇದೆಯೋ ಇಲ್ಲವೋ ಎಂಬ ವಿವರ ಇರುವ ಬರಹ ಪಡೆಯಿರಿ. ಇದು ಸೇನಾ ಬೋರ್ಡನ್ನು ತಳ್ಳಿಹಾಕದು, ಮರುಪರೀಕ್ಷೆ ಬೇಕೆನ್ನಲು ಬುನಾದಿ ಆಗುತ್ತದೆ. ಅಂಗವಿಕಲರ ಯುಡಿಐಡಿ ಕಾರ್ಡಿನ ಪರ್ಸೆಂಟು ಬೇರೆ ಅಳತೆಗೋಲಿನದು. ಅದನ್ನು ತೋರಿಸಿ ಇಷ್ಟು ಪಿಂಚಣಿ ಕೊಡಿ ಎಂದರೆ ನಡೆಯುವುದಿಲ್ಲ.

ಪ್ರಶ್ನೆ: ತಮ್ಮ ಸಿಆರ್‌ಪಿಎಫ್‌ನಲ್ಲಿದ್ದ. ಅವನಿಗೂ ಇದೇ ದಾರಿಯೇ?
– ಶಹಾಪುರ

ಉತ್ತರ: ಅಲ್ಲ. ಊರಲ್ಲಿ ಎಲ್ಲರನ್ನೂ ಮಿಲಿಟ್ರಿ ಎಂದೇ ಕರೆದರೂ ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್ ಗೃಹ ಇಲಾಖೆಯವು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅವರ ಅರ್ಜಿ ತೆಗೆದುಕೊಳ್ಳುವುದಿಲ್ಲ. ಇಲಾಖಾ ಮೇಲ್ಮನವಿ ಮುಗಿದ ಮೇಲೆ ಹೈಕೋರ್ಟಿಗೆ ರಿಟ್ ಹಾಕಬೇಕು, ನಿಮಗೆ ಕಲಬುರಗಿ ಪೀಠ ಹತ್ತಿರ. ಪಿಂಚಣಿಯೂ ಕೇಂದ್ರ ನಾಗರಿಕ ಸೇವೆಯ ಎಕ್ಸ್‌ಟ್ರಾ ಆರ್ಡಿನರಿ ಪೆನ್ಷನ್ ನಿಯಮದಂತೆ. ಅವನನ್ನು ಶಿಸ್ತುಕ್ರಮದಲ್ಲಿ ತೆಗೆದಿದ್ದು, ಆ ನಡವಳಿಕೆಗೆ ಕಾಯಿಲೆಯೇ ಕಾರಣವಾಗಿದ್ದರೆ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದ 2021ರ ಸುಪ್ರೀಂ ಕೋರ್ಟ್ ತೀರ್ಪನ್ನು ವಕೀಲರಿಗೆ ತೋರಿಸಿ.

ಪ್ರಶ್ನೆ: ನಮ್ಮಣ್ಣನಿಗೆ ಮೆಡಿಕಲ್ ಬೋರ್ಡೇ ಮಾಡಿಲ್ಲ. ರಜೆ ಮುಗಿದು ವಾಪಸ್ ಹೋಗಲಿಲ್ಲ, ಕುಡಿತ, ಜಗಳ ಅಂತ ನಾಲ್ಕು ರೆಡ್ ಇಂಕ್ ಎಂಟ್ರಿ (ಕೆಂಪು ಶಾಯಿಯ ಶಿಕ್ಷೆಯ ನಮೂದು) ಹಾಕಿ 11 ವರ್ಷಕ್ಕೆ ಮನೆಗೆ ಕಳಿಸಿದರು. ಆಗಲೇ ಅವನಿಗೆ ಮನಸ್ಸು ಸರಿ ಇರಲಿಲ್ಲ. ಮತ್ತೆ ನೌಕರಿಗೆ ತಗೊಳ್ತಾರಾ?
– ಹುಮನಾಬಾದ್

ಉತ್ತರ: ಇದು ಮೇಲಿನವುಗಳಿಗಿಂತ ಕಷ್ಟದ ಪ್ರಕರಣ. ಕಾಗದದ ಮೇಲೆ ಕಾಯಿಲೆಯೇ ಇಲ್ಲವಲ್ಲ. ಎರಡು ಎಳೆ ಹಿಡಿಯಬಹುದು. ಒಂದು, ನಾಲ್ಕು ಕೆಂಪು ನಮೂದು ಆದ ಮಾತ್ರಕ್ಕೆ ಕಳಿಸುವಂತಿಲ್ಲ; ಪ್ರಾಥಮಿಕ ವಿಚಾರಣೆ ಆಗಬೇಕು, ಎಷ್ಟು ವರ್ಷ ನೌಕರಿ, ಎಂಥ ಜಾಗದಲ್ಲಿ, ತಪ್ಪು ಎಂಥದ್ದು ಎಂದು ತೂಗಿ ನೋಡಬೇಕು. ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ವಿಚಾರಣೆಯ ಕಾಗದ ಮತ್ತು ಶೋಕಾಸ್ ನೋಟಿಸು ಕೇಳಿ. ಇನ್ನೊಂದು, ಆ ಅವಧಿಯಲ್ಲಿ ಅವನು ‘ಎಸ್’ ಕೆಟಗರಿಯಲ್ಲಿ ಇಳಿದಿದ್ದನೇ ನೋಡಿ. ಸೇನೆಯ ಶೇಪ್ ಪದ್ಧತಿಯಲ್ಲಿ ‘ಎಸ್’ ಮನಸ್ಸಿನದು. ಎಸ್-3 (ಟಿ-24) ಎಂದಿದ್ದರೆ 24 ವಾರ ತಾತ್ಕಾಲಿಕ ಕೆಳದರ್ಜೆ ಎಂದರ್ಥ. ಅಂಥ ನಮೂದು ಸಿಕ್ಕರೆ, ಕಾಯಿಲೆ ಗೊತ್ತಿದ್ದೂ ಶಿಸ್ತಿನ ದಾರಿ ಹಿಡಿದರು ಎನ್ನಲು ಆಧಾರ ಸಿಕ್ಕಂತೆ. ಊರಿಗೆ ಬಂದಾಗ ಕಲಬುರಗಿಯಲ್ಲೋ ಸೋಲಾಪುರದಲ್ಲೋ ತೋರಿಸಿದ್ದ ಚೀಟಿ, ಗೈರುಹಾಜರಿಯ ತಾರೀಕಿಗೆ ಹೊಂದಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಮತ್ತೆ ಸಮವಸ್ತ್ರ ಹಾಕುವ ಆಸೆಯನ್ನು ಮಾತ್ರ ನಾವು ಬೆಳೆಸುವುದಿಲ್ಲ. ಅಂಗವಿಕಲ ನೌಕರರನ್ನು ತೆಗೆಯಬಾರದೆಂಬ 2016ರ ಕಾಯ್ದೆಯ 20ನೇ ಕಲಂನಿಂದ ಯುದ್ಧ ಸಿಬ್ಬಂದಿಯನ್ನು 2021ರ ಆಗಸ್ಟಿನಲ್ಲಿ ಹೊರಗಿಟ್ಟಿದ್ದಾರೆ. ಬಿಡುಗಡೆಯ ಕಾರಣ ಬದಲಾಗಿ ಪಿಂಚಣಿ ಸಿಗುವುದು, ಅದರ ಬೆನ್ನಿಗೆ ಮಾಜಿ ಸೈನಿಕರ ಗುರುತು, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆ ಬರುವುದು: ಗುರಿ ಅಲ್ಲಿಗೆ ಇರಲಿ.

ಪ್ರಶ್ನೆ: ಹಿಂಬಾಕಿಯಲ್ಲಿ ಮೂರನೇ ಒಂದು ಪಾಲು ಕೊಟ್ಟರೆ ಎಲ್ಲ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಬಂದಿದ್ದಾರೆ. ಗಂಡನಿಗೆ ಹುಷಾರಿಲ್ಲವೆಂದು ಎಲ್ಲ ಕಾಗದಕ್ಕೂ ನನ್ನ ಸಹಿಯೇ ಸಾಕಂತೆ. ಬೋರ್ಡಿಗೆ ಹೋಗುವ ಮುಂಚೆ ಗುಳಿಗೆ ನಿಲ್ಲಿಸಿ ಎಂದೂ ಹೇಳಿದರು.
– ಸೇಡಂ

ಉತ್ತರ: ಮೂರೂ ತಪ್ಪು. ಮಾನಸಿಕ ಕಾಯಿಲೆ ಇರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ಕಲಬುರಗಿ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲೂ ಮೇಲ್ಮನವಿ ಬರೆಸಲು ಸಹಾಯ ಕೇಳಬಹುದು.

ಮಾನಸಿಕ ಚಿಕಿತ್ಸೆ ಪಡೆದವರೆಲ್ಲ ವಿವೇಚನೆ ಕಳೆದುಕೊಂಡವರಲ್ಲ. ಕೋರ್ಟು ಹಾಗೆ ಘೋಷಿಸುವವರೆಗೆ ಯಾರೂ ಹಾಗೆನ್ನುವಂತಿಲ್ಲ ಎಂದು 2017ರ ಕಾಯ್ದೆ ಹೇಳುತ್ತದೆ. ಯಜಮಾನರಿಗೆ ತಿಳಿವಳಿಕೆ ಇದ್ದರೆ ಸಹಿ ಅವರೇ ಹಾಕಲಿ. ನಿಜಕ್ಕೂ ಆಗದಿದ್ದರೆ ನೀವು ‘ನೆಕ್ಸ್ಟ್ ಫ್ರೆಂಡ್’ ಆಗಿ ಅವರ ಪರ ಅರ್ಜಿ ಹಾಕಬಹುದು, ಅದಕ್ಕೆ ವೈದ್ಯರ ಪತ್ರ ಜೊತೆಗಿರಬೇಕು. ಆಸ್ಪತ್ರೆಯ ನಾಮನಿರ್ದೇಶಿತ ಪ್ರತಿನಿಧಿ ಪತ್ರ ಚಿಕಿತ್ಸೆಯ ಮಟ್ಟಿಗೆ, ಮೊಕದ್ದಮೆಗೆ ಸಾಲದು.

ಗುಳಿಗೆ ಒಂದು ದಿನವೂ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸಿ ಮೊದಲಿಗಿಂತ ಜೋರಾಗಬಹುದು. ಬೋರ್ಡಿನ ವೈದ್ಯರು ಒಂದು ದಿನದ ಅವತಾರ ನೋಡಿ ಪರ್ಸೆಂಟು ಬರೆಯುವುದಿಲ್ಲ, ಚಿಕಿತ್ಸೆಯ ಚೀಟಿಗಳ ಸಾಲನ್ನು ನೋಡುತ್ತಾರೆ. ನಡುವೆ ಚೀಟಿ ಇಲ್ಲದ ತಿಂಗಳುಗಳಿದ್ದರೆ ಕಾಯಿಲೆ ಇಳಿದಿದೆ ಎಂದೇ ಬರೆದುಕೊಳ್ಳುತ್ತಾರೆ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ಮಂಗಳವಾರ ನಡೆಯುತ್ತದೆ, ಗುಳಿಗೆಗೆ ದುಡ್ಡಿಲ್ಲ. ಪ್ರತಿ ಸಲವೂ ಚೀಟಿಯ ಮೇಲೆ ತಾರೀಕು ಮತ್ತು ಸೀಲು ಹಾಕಿಸಿಕೊಂಡು ಬನ್ನಿ. ರಾತ್ರಿ ಹೊತ್ತು ಸ್ಥಿತಿ ಬಿಗಡಾಯಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.