ಪ್ರತಿಕ್ರಿಯೆ: ಚಿಪ್ಪುಹಂದಿಯ ವಿರಳ ದಾಖಲೆ ಮತ್ತು ಆಕ್ಯುಪೆನ್ಸಿ ಮಾದರಿ

ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಚಿಪ್ಪುಹಂದಿ ವಿರಳವಾಗಿ ಸಿಕ್ಕಿದ್ದರೂ ಅದರ ಆಕ್ಯುಪೆನ್ಸಿ (ಒಟ್ಟು ತಾಣಗಳಲ್ಲಿ ಪ್ರಾಣಿ ಇರುವ ತಾಣಗಳ ಪಾಲು) ಅಂದಾಜು 1ಕ್ಕೆ, ಅಂದರೆ ‘ಎಲ್ಲ ತಾಣಗಳಲ್ಲೂ ಇದೆ’ ಎಂಬುದಕ್ಕೆ, ಏಕೆ ಅಂಟಿಕೊಂಡಿದೆ ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಎರಡು ಕಾರಣಗಳಿವೆ: ಪ್ರತಿ ದಿನವನ್ನೂ ಪ್ರತ್ಯೇಕ ಅವಧಿಯಾಗಿ ಎಣಿಸಿರುವುದು ಮತ್ತು ಕ್ಯಾಮೆರಾ ಕೆಟ್ಟು ನಿಂತಿದ್ದ ದಿನಗಳಿಗೂ ಸೊನ್ನೆ ಹಾಕಿರುವುದು.

ಮೊದಲು ಪ್ರತಿ ಕ್ಯಾಮೆರಾ ನಿಜವಾಗಿ ಓಡಿದ ದಿನಗಳ ಕೋಷ್ಟಕ ಮಾಡಿಕೊಳ್ಳಿ. ಬ್ಯಾಟರಿ ಮುಗಿದ ಅಥವಾ ಆನೆ ಕಿತ್ತೆಸೆದ ನಂತರದ ದಿನಗಳಿಗೆ 0 ಬದಲು ಎನ್‌ಎ (ಮಾಹಿತಿ ಇಲ್ಲ) ಎಂದಿರಬೇಕು, ಏಕೆಂದರೆ ಸೊನ್ನೆಯೆಂದರೆ ‘ನೋಡಿದೆವು, ಕಾಣಲಿಲ್ಲ’ ಎಂದೇ ಮಾದರಿ ಓದಿಕೊಳ್ಳುತ್ತದೆ. ಆಮೇಲೆ 7 ಅಥವಾ 10 ದಿನಗಳನ್ನು ಒಂದು ಅವಧಿಯಾಗಿ ಕೂಡಿಸಿ, ಅದರಲ್ಲಿ ಒಂದೇ ಚಿತ್ರವಿದ್ದರೂ 1 ಎಂದು ಬರೆಯಿರಿ. ಸಂಖ್ಯಾಶಾಸ್ತ್ರದ ತಂತ್ರಾಂಶವಾದ ಆರ್‌ನ ಕ್ಯಾಮ್‌ಟ್ರ್ಯಾಪ್‌ಆರ್ ಪ್ಯಾಕೇಜು ಈ ಎರಡೂ ಕೆಲಸ ಮಾಡಿಕೊಡುತ್ತದೆ. ಅವಧಿಯೊಳಗೆ ಓಡಿದ ದಿನಗಳ ಸಂಖ್ಯೆಯನ್ನು ಪತ್ತೆಯ ಕೋವೇರಿಯೇಟ್ (ಪ್ರಾಣಿ ಕ್ಯಾಮೆರಾಕ್ಕೆ ಸಿಗುವ ಸಾಧ್ಯತೆಯನ್ನು ಬದಲಿಸುವ ಅಂಶ) ಆಗಿ ಮಾದರಿಗೆ ಸೇರಿಸಿ.

ಕೂಡಿಸುವುದರಿಂದ ಲೆಕ್ಕ ಸ್ಥಿರವಾಗಬಹುದೇ ಹೊರತು ಹೊಸ ಮಾಹಿತಿಯೇನೂ ಹುಟ್ಟುವುದಿಲ್ಲ. ಆದ್ದರಿಂದ ಕೋವೇರಿಯೇಟ್ ಇಲ್ಲದ ಸರಳ ಮಾದರಿಯನ್ನೂ ಓಡಿಸಿ ನೋಡಿ. ಅಲ್ಲಿಯೂ ಅಂದಾಜು 1ರಲ್ಲೇ ನಿಂತರೆ, ಆಕ್ಯುಪೆನ್ಸಿಯನ್ನು ಕೈಬಿಟ್ಟು ಪತ್ತೆಯಾದ ತಾಣಗಳನ್ನಷ್ಟೇ ವರದಿ ಮಾಡಿ.