ರಾತ್ರಿಯಿಡೀ ಏರ್‌ಪೋರ್ಟ್‌ನಲ್ಲಿ ಏನು ಮಾಡಲಿ?

ಪ್ರಶ್ನೆ: ಮೊದಲ ಸಲ ಒಬ್ಬಳೇ ವಿದೇಶಕ್ಕೆ ಹೊರಟಿದ್ದೇನೆ. ನಡುವೆ ಒಂದು ಏರ್‌ಪೋರ್ಟ್‌ನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಕಾಯಬೇಕು. ಅಷ್ಟು ಹೊತ್ತು ಸುಮ್ನೆ ಕೂರೋದಾ? ಊರು ನೋಡಿ ಬರಬಹುದಾ?

ಉತ್ತರ: ನಾನಾಗಿದ್ದರೆ ಹೋಗುತ್ತಿರಲಿಲ್ಲ. ಹೊರಗೆ ಕಾಲಿಡಲು ವೀಸಾ ಬೇಕಾಗಬಹುದು, ಆಮೇಲೆ ಇಮಿಗ್ರೇಶನ್ ಸಾಲು, ಟ್ಯಾಕ್ಸಿ, ವಾಪಸ್ ಬಂದು ಮತ್ತೆ ಸೆಕ್ಯುರಿಟಿ ಅಂತ ಮೂರ್ನಾಲ್ಕು ಗಂಟೆ ಹೋದರೆ, ಉಳಿದ ಹೊತ್ತಲ್ಲಿ ನೋಡೋದು ಬಾಗಿಲು ಹಾಕಿದ ಅಂಗಡಿಗಳನ್ನೇ ಅಲ್ವಾ?

ಮೊದಲು ಟಿಕೆಟ್ ನೋಡಿ. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿದ್ದರೆ ಲಗೇಜ್ ಸಾಮಾನ್ಯವಾಗಿ ನೇರ ಕೊನೆಯ ಊರಿಗೇ ಹೋಗುತ್ತದೆ. ಆದರೂ ಬ್ಯಾಗಿಗೆ ಕಟ್ಟುವ ಚೀಟಿಯ ಮೇಲಿನ ಮೂರಕ್ಷರದ ಕೋಡ್ ಕೊನೆಯ ಊರಿನ ಏರ್‌ಪೋರ್ಟ್‌ದೇನಾ ಅಂತ ನೀವೇ ಓದಿಕೊಳ್ಳಿ. ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗ್ ತೆಗೆದುಕೊಂಡು ಹೊರಬಂದು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು, ಅಲ್ಲಿಗೆ ವೀಸಾ ವಿಚಾರ ಮತ್ತೆ ಬಂತು. ಕಾಯೋದು ಜಾಸ್ತಿ ಇದ್ದರೆ ಕೆಲವು ಏರ್‌ಲೈನ್‌ಗಳು ಹೋಟೆಲ್ ಕೊಡುತ್ತವೆ, ಹೊರಡುವ ಮುಂಚೆಯೇ ಕೇಳಿ.

ಇಲ್ಲವಾದರೆ ಒಳಗೇ ಗಂಟೆ ಲೆಕ್ಕದಲ್ಲಿ ರೂಮು ಕೊಡುವ ಟ್ರಾನ್ಸಿಟ್ ಹೋಟೆಲ್ ಇದೆಯಾ ನೋಡಿ. ಒಬ್ಬರೇ ಇರುವುದರಿಂದ ಆ ದುಡ್ಡು ದಂಡ ಅಲ್ಲ. ಬೆಂಚೇ ಗತಿ ಅಂದರೆ ಕೈ ಇಲ್ಲದ ಬೆಂಚು ಹುಡುಕಿ, ಬ್ಯಾಗಿನ ಪಟ್ಟಿ ಕೈಗೆ ಸುತ್ತಿಕೊಂಡು ಮಲಗಿ. ನಡುರಾತ್ರಿ ಎಸಿ ಚಳಿ ಕೊರೆಯುತ್ತದೆ, ಶಾಲು, ಕಾಲುಚೀಲ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕ್ ಕೂಡ, ಸಾಮರ್ಥ್ಯ 100 ವ್ಯಾಟ್-ಅವರ್ (Wh) ಮೀರದ್ದು.

ಅಲಾರಂ ಇಡುವ ಮುಂಚೆ ಫೋನ್ ಅಲ್ಲಿನ ಟೈಮ್ ತೋರಿಸುತ್ತಿದೆಯಾ ನೋಡಿ. ನಾನೊಮ್ಮೆ ಏರ್‌ಪ್ಲೇನ್ ಮೋಡ್ ತೆಗೆಯದೆ ಮಲಗಿ, ಗೇಟ್ ಮುಚ್ಚುವ ಹೊತ್ತಿಗೆ ಬರಿಗಾಲಲ್ಲಿ ಓಡಿದ್ದೇನೆ!